ಅಪ್‌ಡೇಟ್: ರ್‍ಯಾಂಕ್ ಲಿಸ್ಟ್ ರದ್ದಾದ ಮೇಲೆ

ಮಳೆಗಾಲದಲ್ಲಿ ಇಲ್ಲಿ ಕೇಳಿದ್ದೆ: ಕಾಸರಗೋಡಿನ ಕನ್ನಡ ಮಾಧ್ಯಮ ಎಲ್‌ಪಿ (ಕಿರಿಯ ಪ್ರಾಥಮಿಕ) ಶಿಕ್ಷಕರ ನೇಮಕಾತಿಗೆ ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಮಾಡಿದ ಲಿಸ್ಟಿನಲ್ಲಿದ್ದೆ, 3 ವರ್ಷದ ಅವಧಿ ತುಂಬಿ ಲಿಸ್ಟೇ ರದ್ದಾಯಿತು, ನನಗಿಂತ ಮುಂದೆ ಇದ್ದದ್ದು ಇಬ್ಬರೇ, ಇನ್ನೆಂತ ಮಾಡುವುದು ಎಂದು.

ಸುಳ್ಳು ಹೇಳುವುದಿಲ್ಲ, ಮೊದಲ ತಿಂಗಳು ಯಾರ ಧೈರ್ಯದ ಮಾತೂ ನಾಟಲಿಲ್ಲ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತೆ. ಅತ್ತೆ ಏನೂ ಕೇಳಲಿಲ್ಲ, ಅದೇ ದೊಡ್ಡ ಉಪಕಾರ. ನಿಮ್ಮಲ್ಲೊಬ್ಬರು "ವಯೋಮಿತಿ 40, ನಿಮಗೆ 36, ಲೆಕ್ಕ ಹಾಕಿ" ಎಂದದ್ದು ಮಾತ್ರ ತಲೆಯಲ್ಲಿ ಉಳಿಯಿತು.

ಈಗ ಬದಿಯಡ್ಕದ ಹತ್ತಿರ ದಿನವೇತನದ ಕೆಲಸ ಉಂಟು, ಒಂದನೇ ಕ್ಲಾಸು. ರಜೆ ಬಂದರೆ ದುಡ್ಡಿಲ್ಲ! ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಮರಾಠಿ ಮಾತಾಡುವ ಮಕ್ಕಳಿಗೆ 'ಳ' ತಿದ್ದಿಸುವಾಗ ಲಿಸ್ಟಿನ ನೆನಪೇ ಬರುವುದಿಲ್ಲ. ರಾತ್ರಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತೇನೆ. ಮುಂದಿನ ಅಧಿಸೂಚನೆಗೆ ಅರ್ಜಿ ಹಾಕುವುದೇ.