ಸಹಾಯ ಬೇಕು: ಎರಡು ಅಸಮತೆ ಚಿಹ್ನೆಗಳಿರುವ ಸಾಲನ್ನು ಇಂಗ್ಲಿಷಿನಲ್ಲಿ ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯು ವಿಜ್ಞಾನಕ್ಕೆ ಸೇರಿರುವ ಮಕ್ಕಳಿಗೆ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಸಂಜೆ ಗಣಿತ ಹೇಳಿಕೊಡುತ್ತೇನೆ. 3 < 5 ಎಂಬುದನ್ನು ‘ತ್ರೀ ಈಸ್ ಲೆಸ್ ದ್ಯಾನ್ ಫೈವ್’ ಎಂದು ಅವರು ಸರಾಗವಾಗಿ ಓದುತ್ತಾರೆ. ತೊಡಕಿರುವುದು 2 < ಎಕ್ಸ್ ≤ 7 ಎಂಬಂತಹ ಸಾಲಿನಲ್ಲಿ. ಎಡದಿಂದ ಓದಿಸಿದರೆ, ಕೊನೆಯ ‘ಲೆಸ್ ದ್ಯಾನ್ ಆರ್ ಈಕ್ವಲ್ ಟು ಸೆವೆನ್’ ಎಂಬುದು 2ಕ್ಕೆ ಸೇರಿದ್ದೋ ಎಕ್ಸ್‌ಗೆ ಸೇರಿದ್ದೋ ಎಂದು ಕೇಳುವವರಿಗೆ ತಿಳಿಯುವುದಿಲ್ಲ. ನಡುವಿನಿಂದ ಆರಂಭಿಸಿ ‘ಎಕ್ಸ್ ಈಸ್ ಗ್ರೇಟರ್ ದ್ಯಾನ್ ಟೂ ಅಂಡ್ ಲೆಸ್ ದ್ಯಾನ್ ಆರ್ ಈಕ್ವಲ್ ಟು ಸೆವೆನ್’ ಎಂದು ಓದಿಸಿದಾಗ ಅರ್ಥವೇನೋ ಸ್ಪಷ್ಟವಾಯಿತು, ಆದರೆ ಹಾಳೆಯ ಮೇಲಿಲ್ಲದ ‘ಗ್ರೇಟರ್’ ಕಿವಿಗೆ ಬಿದ್ದದ್ದರಿಂದ ಕೆಲವರು ಚಿಹ್ನೆಯನ್ನೇ ತಿರುಗಿಸಿ 2 > ಎಕ್ಸ್ ಎಂದು ಬರೆದುಕೊಂಡರು. ಇಂಗ್ಲಿಷ್ ಮಾಧ್ಯಮದಲ್ಲಿ ಪಾಠ ಮಾಡುವವರು ಇಂತಹ ಸಾಲನ್ನು ಎಡದಿಂದ ಓದುತ್ತೀರೋ, ನಡುವಿನಿಂದಲೋ? ಎಡದಿಂದಾದರೆ ಎರಡನೆಯ ಚಿಹ್ನೆಗೆ ಮೊದಲು ‘ವಿಚ್ ಈಸ್’ ಎಂದು ಸೇರಿಸುತ್ತೀರಾ?