ಪೆಂಟಾಕ್ಸ್ ಕೆ1000ಕ್ಕೆ ವೈಡ್ ಆ್ಯಂಗಲ್ ಲೆನ್ಸ್: 28 ಎಂ.ಎಂ. ಸಾಕೇ, 24 ಬೇಕೇ?

ಕಾಕಾನ ಕ್ಯಾಮೆರಾ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಕೊಪ್ಪಳದಲ್ಲಿ ಬಹಳ ವರ್ಷ ಫೋಟೊ ಸ್ಟುಡಿಯೊ ನಡೆಸಿದವರು. ಡಿಜಿಟಲ್ ಬಂದ ಮೇಲೆ ಅಂಗಡಿ ಮುಚ್ಚಿದರೂ ತಮ್ಮ ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾವನ್ನು ಮಾತ್ರ ಮಾರದೆ, ಹಳೆಯ ಧೋತರದಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಕಳೆದ ದೀಪಾವಳಿಗೆ ಹೋದಾಗ ಅದನ್ನು ನನ್ನ ಕೈಗಿತ್ತು, "ಶಟರ್ ಇನ್ನಾ ಜೀವಂತ ಐತಿ, ಸುಮ್ನ ಇಟ್ರ ಅದೂ ಸತ್ತು ಹೋಗತೈತಿ" ಎಂದರು. ಅಂದಿನಿಂದ ಇಂದಿನವರೆಗೆ ನಾಲ್ಕು ರೋಲ್ ತೆಗೆದಿದ್ದೇನೆ.

ಕ್ಯಾಮೆರಾದ ಜೊತೆ ಇರುವುದು 50 ಎಂ.ಎಂ. ಎಫ್ 2 ಲೆನ್ಸ್ ಒಂದೇ (ಎಫ್ ಎಂಬುದು ಬೆಳಕಿನ ಕಿಂಡಿಯ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು). ಮನುಷ್ಯರ ಚಿತ್ರಗಳಿಗೆ ಅದು ಬಹಳ ಚೆನ್ನಾಗಿದೆ. ಆದರೆ ನನಗೆ ಆಸೆಯಿರುವುದು ನಮ್ಮ ಜಿಲ್ಲೆಯ ಕಲ್ಲುಗಳ ಮೇಲೆ. ಇಟಗಿಯ ಮಹಾದೇವ ದೇವಾಲಯದ ಮಂಟಪದೊಳಗೆ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಎರಡು ಕಂಬಗಳಿಗಿಂತ ಹೆಚ್ಚು ಚೌಕಟ್ಟಿಗೆ ಬರುವುದಿಲ್ಲ. ಹಿರೇಬೆಣಕಲ್ಲಿನ ಮೊರೇರ ಗುಡ್ಡದ ಮೇಲೆ ಶಿಲಾಸಮಾಧಿಗಳು ಒಂದಕ್ಕೊಂದು ಹತ್ತಿರವಿರುವುದರಿಂದ ಹಿಂದೆ ಸರಿಯಲು ಹೋದರೆ ಇನ್ನೊಂದು ಸಮಾಧಿಗೆ ತಾಗುತ್ತೇವೆ; ತಾಗಬಾರದೆಂಬ ಭಯ ಬೇರೆ.

ಆದ್ದರಿಂದ ಹೆಚ್ಚು ಅಗಲದ ನೋಟ ಹಿಡಿಯುವ ಒಂದು ಹಳೆಯ ವೈಡ್ ಆ್ಯಂಗಲ್ ಲೆನ್ಸ್ ಕೊಳ್ಳಬೇಕೆಂದಿದ್ದೇನೆ. ಎಂ.ಎಂ. ಸಂಖ್ಯೆ ಕಡಿಮೆಯಾದಷ್ಟೂ ನೋಟ ಅಗಲ. 28 ಎಂ.ಎಂ. ಸುಲಭವಾಗಿ ಸಿಗುತ್ತದೆ, 24 ಮತ್ತು 20 ಎಂ.ಎಂ. ಲೆನ್ಸುಗಳಿಗೆ ಬೆಲೆ ಹೆಚ್ಚು. ನನ್ನ ಕೆಲಸಕ್ಕೆ 28 ಸಾಕೇ? ಹಳೆಯ ಲೆನ್ಸ್ ಕೊಳ್ಳುವಾಗ ಏನೇನು ನೋಡಬೇಕು? ಮೊಬೈಲಿನ ವೈಡ್ ಕ್ಯಾಮೆರಾದಲ್ಲಿ ತೆಗೆದಾಗ ಗೋಪುರ ಹಿಂದಕ್ಕೆ ಬಿದ್ದಂತೆ ಕಾಣುತ್ತದಲ್ಲ, ಫಿಲ್ಮಿನಲ್ಲಿಯೂ ಹಾಗೆಯೇ ಆಗುತ್ತದೆಯೇ? ಅನುಭವಿಗಳು ದಯವಿಟ್ಟು ತಿಳಿಸಿರಿ.

ಹಳೇ ಸ್ಟುಡಿಯೊ, ಬಳ್ಳಾರಿ

ನಿಮ್ಮ ಕಾಕಾ ಅವರಿಗೆ ನನ್ನ ನಮಸ್ಕಾರ ತಿಳಿಸಿರಿ. ಕೆ1000 1976ರಲ್ಲಿ ಬಂದು 1997ರವರೆಗೆ ತಯಾರಾದ ಕ್ಯಾಮೆರಾ. ಬ್ಯಾಟರಿ ಇಲ್ಲದಿದ್ದರೂ ಅದರ ಶಟರ್ ಒಂದು ಸೆಕೆಂಡಿನಿಂದ 1/1000 ಸೆಕೆಂಡಿನವರೆಗೆ ಎಲ್ಲ ವೇಗಗಳಲ್ಲಿಯೂ ನಡೆಯುತ್ತದೆ. ಎಲ್‌ಆರ್44 ಎಂಬ ಗುಂಡಿ ಸೆಲ್ ಬೇಕಾಗುವುದು ಬೆಳಕು ಅಳೆಯುವ ಲೈಟ್ ಮೀಟರಿನ ಮುಳ್ಳಿಗೆ ಮಾತ್ರ. ಮೀಟರಿಗೆ ಬೇರೆ ಸ್ವಿಚ್ ಇಲ್ಲವಾದ್ದರಿಂದ ಕೆಲಸ ಮುಗಿದ ಕೂಡಲೇ ಲೆನ್ಸಿಗೆ ಮುಚ್ಚಳ ಹಾಕಿಡಿ, ಇಲ್ಲವಾದರೆ ಸೆಲ್ ಬೇಗ ಮುಗಿಯುತ್ತದೆ.

ನನ್ನ ಉತ್ತರ 28 ಎಂ.ಎಂ. ಏಕೆಂದರೆ ವೈಡ್ ಲೆನ್ಸ್ ಇರುವುದು ಎದುರಿಗಿರುವುದನ್ನೆಲ್ಲ ಚೌಕಟ್ಟಿಗೆ ತುಂಬುವುದಕ್ಕೆ ಎಂದು ನಾವು ಮೊದಲು ತಿಳಿದುಕೊಳ್ಳುತ್ತೇವೆ, ನಾನೂ ಹಾಗೆಯೇ ತಿಳಿದಿದ್ದೆ; ಆದರೆ ಅದರ ನಿಜವಾದ ಗುಣ ತೆರೆದುಕೊಳ್ಳುವುದು ನೀವು ಒಂದು ಕಲ್ಲಿನ ಬಳಿಗೆ ಮೂರು ನಾಲ್ಕು ಅಡಿ ಹತ್ತಿರ ಹೋಗಿ, ಅದರ ಮೈಮೇಲಿನ ಉಳಿಗುರುತು ಕಾಣುವಂತೆ ನಿಂತು, ಹಿಂದಿನ ಗುಡ್ಡವನ್ನೂ ಅದೇ ಚಿತ್ರದಲ್ಲಿ ಉಳಿಸಿಕೊಂಡಾಗ. ಹತ್ತಿರದ್ದು ದೊಡ್ಡದಾಗುತ್ತದೆ, ದೂರದ್ದು ಸಣ್ಣದಾಗಿ ಹಿಂದೆ ಸರಿಯುತ್ತದೆ. 28ರಲ್ಲಿ ಈ ಅಂತರ ಕಣ್ಣಿಗೆ ಒಪ್ಪುವಷ್ಟಿರುತ್ತದೆ. 20ರಲ್ಲಿ ಅಂಚಿನ ಕಂಬಗಳು ಎಳೆದಂತೆ ಅಗಲವಾಗುತ್ತವೆ, ಅದನ್ನು ಹಿಡಿತಕ್ಕೆ ತರಲು ಬಹಳ ರೋಲ್ ಖರ್ಚಾಗುತ್ತದೆ.

ಕನ್ನಡಿಯಿರುವ ಕ್ಯಾಮೆರಾಗಳಿಗೆ ವೈಡ್ ಲೆನ್ಸ್ ಮಾಡುವುದು ಸುಲಭವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ನಿಮ್ಮ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಳೆಯಿಂದ ಫಿಲ್ಮಿನವರೆಗೆ 45.46 ಎಂ.ಎಂ. ಅಂತರವಿದೆ, ನಡುವೆ ಕನ್ನಡಿ ಮೇಲೇಳಬೇಕು. ಸಾಧಾರಣ ರಚನೆಯ 28 ಎಂ.ಎಂ. ಲೆನ್ಸ್ ಮಾಡಿದರೆ ಅದರ ಹಿಂಬದಿಯ ಗಾಜು ಕನ್ನಡಿಯ ದಾರಿಗೇ ಅಡ್ಡ ಬರುತ್ತದೆ. ಅದಕ್ಕಾಗಿ ಮುಂದುಗಡೆ ಬೆಳಕನ್ನು ಚದುರಿಸುವ ಗಾಜುಗಳನ್ನು ಇಟ್ಟು, ಬಿಂಬ ಲೆನ್ಸಿನಿಂದ ಇನ್ನಷ್ಟು ಹಿಂದಕ್ಕೆ ಬೀಳುವಂತೆ ಮಾಡಿದರು. ಫ್ರಾನ್ಸಿನ ಆಂಜೆನ್ಯೂ ಕಂಪನಿ 1950ರಲ್ಲಿ 35 ಎಂ.ಎಂ. ಲೆನ್ಸೊಂದನ್ನು ರೆಟ್ರೊಫೋಕಸ್ ಎಂಬ ಹೆಸರಿನಲ್ಲಿ ತಂದ ಮೇಲೆ ಆ ಹೆಸರೇ ಈ ರಚನೆಗೆ ನಿಂತಿತು. ಗಾಜುಗಳು ಹೆಚ್ಚಾದಷ್ಟೂ ಒಳಗಿನ ಪ್ರತಿಫಲನ ಹೆಚ್ಚುತ್ತದೆ. ಆ ಪ್ರತಿಫಲನ ತಗ್ಗಿಸಲು ಪೆಂಟಾಕ್ಸ್ 1971ರಿಂದ ಕೊಟ್ಟ ಎಸ್‌ಎಂಸಿ ಲೇಪನದ ಬೆಲೆ ತಿಳಿಯುವುದು ಇಲ್ಲಿಯೇ. ನಮ್ಮ ಕಡೆಯ ಬಿಸಿಲಿಗೆ ಲೇಪನವೊಂದೇ ಸಾಲದು, ಲೆನ್ಸಿನ ಬಾಯಿಗೆ ನೆರಳು ಕೊಡುವ ಹುಡ್ ಹಾಕಿಯೇ ಬಳಸಿರಿ.

ಕೆ1000ದಲ್ಲಿ ಒಂದು ಸೌಲಭ್ಯವಿಲ್ಲ: ಚಿತ್ರ ತೆಗೆಯುವ ಮೊದಲು ಅಪರ್ಚರ್ ಎಂಬ ಬೆಳಕಿನ ಕಿಂಡಿಯನ್ನು ಕಿರಿದಾಗಿಸಿ, ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟವಿದೆ ಎಂದು ನೋಡುವ ಲಿವರ್ ಅದರಲ್ಲಿಲ್ಲ. ಆದ್ದರಿಂದ ಲೆನ್ಸಿನ ಮೇಲೆ ಕೊರೆದಿರುವ ಅಳತೆಗೆರೆಗಳನ್ನೇ ನಂಬಬೇಕು. 28 ಎಂ.ಎಂ. ಲೆನ್ಸನ್ನು ಎಫ್ 11ಕ್ಕೆ ಇಟ್ಟು ಅನಂತದ ಗುರುತನ್ನು 11ರ ಗೆರೆಗೆ ಸೇರಿಸಿದರೆ, ಸುಮಾರು 1.2 ಮೀಟರಿನಿಂದ ಕಣ್ಣು ಹಾಯುವಷ್ಟು ದೂರದವರೆಗೂ ಸ್ಪಷ್ಟವಾಗಿರುತ್ತದೆ. ನಿಮ್ಮ 50ರಲ್ಲಿ ಇದೇ ಎಫ್ 11ಕ್ಕೆ ಸ್ಪಷ್ಟತೆ ಆರಂಭವಾಗುವುದು ಸುಮಾರು 3.8 ಮೀಟರಿನಿಂದ. 200 ಐಎಸ್‌ಒ ವೇಗದ ಫಿಲ್ಮ್, ನೇರ ಬಿಸಿಲು, ಎಫ್ 11, 1/500 ಸೆಕೆಂಡು: ಮೊರೇರ ಗುಡ್ಡದಲ್ಲಿ ಇಷ್ಟು ಹೊಂದಿಸಿಕೊಂಡರೆ ಫೋಕಸ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ವೈಡ್ ಚೌಕಟ್ಟಿನಲ್ಲಿ ಆಕಾಶ ಹೆಚ್ಚು ಬರುತ್ತದೆ, ಮೀಟರಿನ ಮುಳ್ಳು ಆ ಬೆಳಕಿಗೆ ಮೋಸಹೋಗಿ ಕಲ್ಲನ್ನು ಕಪ್ಪಾಗಿಸುತ್ತದೆ. ಕ್ಯಾಮೆರಾವನ್ನು ಕೆಳಗೆ ಬಾಗಿಸಿ ಬಂಡೆಯ ಬೆಳಕನ್ನಷ್ಟೇ ಅಳೆದು, ಆಮೇಲೆ ಚೌಕಟ್ಟು ಹೂಡಿರಿ.

ಕೊಳ್ಳುವುದಾದರೆ ಎಸ್‌ಎಂಸಿ ಪೆಂಟಾಕ್ಸ್-ಎಂ 28 ಎಂ.ಎಂ. ಎಫ್ 2.8 ಅಥವಾ ಎಫ್ 3.5, ಎರಡೂ ಒಳ್ಳೆಯವು. ಪೆಂಟಾಕ್ಸಿನದೇ ಹಳೆಯ, ತಿರುಪಿನಂತೆ ಸುತ್ತಿ ಕೂರಿಸುವ ಟಕುಮಾರ್ 28 ಸಿಕ್ಕರೆ ಅದನ್ನೂ ಬಿಡಬೇಡಿ. ತಿರುಪಿನ ಮೌಂಟಿಗೂ ಇದೇ 45.46 ಎಂ.ಎಂ. ಅಂತರವಿರುವುದರಿಂದ, ಅಂಚಿಲ್ಲದ ಅಡಾಪ್ಟರ್ ಹಾಕಿದರೆ ದೂರದ ಫೋಕಸ್ ಕೆಡುವುದಿಲ್ಲ. ಅಂಚಿರುವ ಅಗ್ಗದ ಅಡಾಪ್ಟರ್ ಲೆನ್ಸನ್ನು ತುಸು ಮುಂದಕ್ಕೆ ತಳ್ಳಿ, ದೂರದ ಗುಡ್ಡವನ್ನು ಮಸುಕು ಮಾಡುತ್ತದೆ.

ಕೋಟೆಗಲ್ಲು, ರಾಯಚೂರು

ಹಿರಿಯರ ಮಾತನ್ನು ಗೌರವದಿಂದಲೇ ಓದಿದೆ, ಆದರೂ ನಾನು 24ರ ಪರವಾಗಿ ಒಂದು ಮಾತು ಹೇಳಬೇಕು. ನಾನು ನಿಕಾನ್ ಎಫ್‌ಎಂ2 ಕ್ಯಾಮೆರಾವನ್ನು 24 ಎಂ.ಎಂ. ಎಫ್ 2.8 ನಿಕ್ಕೊರ್ ಜೊತೆ ಬಳಸುತ್ತೇನೆ. ಈ ಲೆನ್ಸಿನ ಮೊದಲ ರೂಪ 1967ರದು; ಹತ್ತಿರದ ವಸ್ತುವಿಗೆ ಫೋಕಸ್ ಮಾಡುವಾಗ ಒಳಗಿನ ಕೆಲವು ಗಾಜುಗಳು ಬೇರೆಯಾಗಿ ಸರಿದು ಅಂಚಿನ ಸ್ಪಷ್ಟತೆಯನ್ನು ಕಾಯುವ ವ್ಯವಸ್ಥೆಯನ್ನು ನಿಕಾನ್ ಇದರಿಂದಲೇ ಆರಂಭಿಸಿತು. ಇದು ನಿಮ್ಮ ಪೆಂಟಾಕ್ಸಿಗೆ ಕೂರುವುದಿಲ್ಲ, ಎಸ್‌ಎಂಸಿ ಪೆಂಟಾಕ್ಸ್ 24 ಎಂ.ಎಂ. ಎಫ್ 2.8 ಹುಡುಕಬೇಕಾಗುತ್ತದೆ.

ಯಾವ ಲೆನ್ಸ್ ಎಂದು ತೀರ್ಮಾನಿಸಲು ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಫಿಲ್ಮಿನ ಚೌಕಟ್ಟು 36 ಎಂ.ಎಂ. ಅಗಲ. ವಸ್ತುವಿನ ಅಗಲವನ್ನು ಲೆನ್ಸಿನ ಸಂಖ್ಯೆಯಿಂದ ಗುಣಿಸಿ 36ರಿಂದ ಭಾಗಿಸಿದರೆ ಎಷ್ಟು ದೂರ ನಿಲ್ಲಬೇಕೆಂಬುದು ಬರುತ್ತದೆ. ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಒಂದೇ ಕಲ್ಲು ಸುಮಾರು 41 ಅಡಿ, ಅಂದರೆ ಹನ್ನೆರಡೂವರೆ ಮೀಟರ್ ಉದ್ದವಿದೆ. ಅದನ್ನು ಇಡಿಯಾಗಿ ಹಿಡಿಯಲು 50ರಲ್ಲಿ 17 ಮೀಟರಿಗಿಂತ ಹಿಂದೆ ಹೋಗಬೇಕು, 28ರಲ್ಲಿ 9.7 ಮೀಟರ್, 24ರಲ್ಲಿ 8.3 ಮೀಟರ್ ಸಾಕು. ಇಟಗಿಯ ಮಂಟಪದಲ್ಲಿ ನೀವು ನಿಲ್ಲಬಲ್ಲ ಜಾಗವನ್ನು ಹೆಜ್ಜೆ ಹಾಕಿ ಅಳೆದು ಇದೇ ಲೆಕ್ಕ ಮಾಡಿ ನೋಡಿರಿ. ಊಹೆಯಿಂದ ಹಣ ಕಳೆದುಕೊಳ್ಳುವುದು ತಪ್ಪುತ್ತದೆ.

ಇನ್ನು ಗೋಪುರ ಬೀಳುವ ವಿಷಯ. ಅದು ಲೆನ್ಸಿನ ದೋಷವಲ್ಲ, ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡುವುದರಿಂದ ಆಗುವುದು. ಫಿಲ್ಮ್ ಗೋಡೆಗೆ ಸಮಾನಾಂತರವಾಗಿ ನೆಟ್ಟಗಿದ್ದರೆ ಕಂಬಗಳು ನೆಟ್ಟಗೇ ನಿಲ್ಲುತ್ತವೆ, ಅದು ಫಿಲ್ಮಿರಲಿ ಮೊಬೈಲಿರಲಿ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ಸಮತಟ್ಟಾಗಿ ಇಟ್ಟರೆ, ಹತ್ತು ಮೀಟರ್ ದೂರದಲ್ಲಿ 28 ಎಂ.ಎಂ. ಲೆನ್ಸ್ ನಿಮ್ಮ ಕಣ್ಣಿನ ಮಟ್ಟಕ್ಕಿಂತ 6.4 ಮೀಟರ್ ಎತ್ತರದವರೆಗೆ ಹಿಡಿಯುತ್ತದೆ, 24 ಎಂ.ಎಂ. 7.5 ಮೀಟರಿನವರೆಗೆ. ಕೆಳಗೆ ಉಳಿಯುವ ಖಾಲಿ ನೆಲವನ್ನು ಪ್ರಿಂಟ್ ಮಾಡುವಾಗ ಕತ್ತರಿಸಬಹುದು. ನಾನು 24ಕ್ಕೆ ಹೋದದ್ದು ಆ ಒಂದು ಮೀಟರಿಗಾಗಿಯೇ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಬಳಸಲು ಅನುಮತಿ ಬೇಕಾಗುವುದರಿಂದ, ಕೈಯಲ್ಲಿಯೇ ಸಮತಟ್ಟಾಗಿ ಹಿಡಿಯುವ ಅಭ್ಯಾಸ ಮಾಡಿಕೊಳ್ಳಿರಿ.

ಕಪ್ಪುಬಿಳುಪು, ಸಿಂಧನೂರು

ಲೆನ್ಸಿನ ವಿಷಯದಲ್ಲಿ ನಾನು ಬಳ್ಳಾರಿಯವರ ಕಡೆ. ಹೇಳಬೇಕೆಂದಿರುವುದು ನಮ್ಮ ಸೀಮೆಯ ಬಿಸಿಲಿನ ಬಗ್ಗೆ. ಹಿರೇಬೆಣಕಲ್ಲಿಗೆ ಹೋಗುವಾಗ ಕ್ಯಾಮೆರಾವನ್ನು ಬೈಕಿನ ಡಿಕ್ಕಿಯಲ್ಲಿಯೋ ನಿಲ್ಲಿಸಿದ ಕಾರಿನಲ್ಲಿಯೋ ಬಿಡಬೇಡಿ; ಕಾವಿಗೆ ಫೋಕಸಿನ ಗ್ರೀಸ್ ತೆಳುವಾಗಿ ಅಪರ್ಚರಿನ ಎಲೆಗಳ ಮೇಲೆ ಹರಿಯುತ್ತದೆ, ಫಿಲ್ಮಿನ ಬಣ್ಣವೂ ಕೆಡುತ್ತದೆ. ಫ್ರಿಜ್ಜಿನಲ್ಲಿಟ್ಟ ರೋಲನ್ನು ಡಬ್ಬಿ ತೆರೆಯದೆ ಒಂದೆರಡು ತಾಸು ಹೊರಗಿಟ್ಟು, ಆಮೇಲೆ ಬಳಸಿರಿ.

ಕಪ್ಪುಬಿಳುಪು ರೋಲುಗಳನ್ನು ನಾನು ಮನೆಯಲ್ಲಿಯೇ ತೊಳೆಯುತ್ತೇನೆ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಡಿ-76 ಡೆವಲಪರಿಗೆ ಕೊಟ್ಟಿರುವ ಸಮಯ 20 ಡಿಗ್ರಿಗೆ ಲೆಕ್ಕ ಹಾಕಿದ್ದು, ಆದರೆ ಏಪ್ರಿಲ್‌ನಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಕೈ ಸುಡುತ್ತದೆ. ಮಣ್ಣಿನ ಗಡಿಗೆಯಲ್ಲಿ ರಾತ್ರಿಯೆಲ್ಲ ಇಟ್ಟ ನೀರು ಬಳಸಿ, ಸುತ್ತ ಐಸ್ ಹಾಕಿದ ಬುಟ್ಟಿಯಲ್ಲಿ ಬಾಟಲಿಗಳನ್ನು ನಿಲ್ಲಿಸಿ 24 ಡಿಗ್ರಿಗೆ ತರುತ್ತೇನೆ. 20 ಡಿಗ್ರಿಗೆ ಹತ್ತು ನಿಮಿಷವಿದ್ದರೆ 24ಕ್ಕೆ ಸುಮಾರು ಏಳು ನಿಮಿಷ. ಮೂಡಿದ ಚಿತ್ರವನ್ನು ನಿಲ್ಲಿಸುವ ಫಿಕ್ಸರ್ ಮತ್ತು ಕೊನೆಯ ತೊಳೆಯುವ ನೀರು ಕೂಡ ಅದೇ ಶಾಖದಲ್ಲಿರಲಿ. ಮೊದಲೊಮ್ಮೆ ತಣ್ಣನೆಯ ಡೆವಲಪರಿನಿಂದ ತೆಗೆದ ಫಿಲ್ಮನ್ನು ನೇರ ನಲ್ಲಿಯ ಬಿಸಿನೀರಿಗೆ ಹಾಕಿ, ಆನೆಗುಂದಿಯ ಒಂದು ಇಡೀ ರೋಲಿನ ಮೈ ಸುಕ್ಕುಗಟ್ಟಿದ್ದನ್ನು ನೋಡಿ ಎರಡು ದಿನ ಊಟ ರುಚಿಸಿರಲಿಲ್ಲ. ಕಲರ್ ಫಿಲ್ಮಿನ ಡೆವಲಪರಿಗೆ ಬೇಕಾಗುವುದೇ 38 ಡಿಗ್ರಿಯ ಆಸುಪಾಸು, ಹಾಗಾಗಿ ಬೇಸಿಗೆಯಲ್ಲಿ ನಮಗೆ ಅದೇ ಸುಲಭ.

ಕಾಕಾನ ಕ್ಯಾಮೆರಾ, ಗಂಗಾವತಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಟಗಿಗೆ ಹೋಗಿ ಹೆಜ್ಜೆ ಹಾಕಿ ಅಳೆದು ಬಂದೆ. ನನಗೆ ಬೇಕಾದ ಮೂರು ಕಂಬಗಳು 28ಕ್ಕೆ ಬರುತ್ತವೆ. ಹೊಸಪೇಟೆಯಲ್ಲಿ ಒಬ್ಬರ ಬಳಿ ಪೆಂಟಾಕ್ಸ್-ಎಂ 28 ಎಂ.ಎಂ. ಎಫ್ 2.8 ಇದೆ. ಗಾಜು ಸ್ವಚ್ಛವಾಗಿದೆ, ಆದರೆ ಅಪರ್ಚರಿನ ಎಲೆಗಳ ಮೇಲೆ ಎಣ್ಣೆಯ ಹೊಳಪು ಕಾಣುತ್ತದೆ. ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಾರೆ. ತೆಗೆದುಕೊಳ್ಳಲೇ?

ಹಳೇ ಸ್ಟುಡಿಯೊ, ಬಳ್ಳಾರಿ

ಎಣ್ಣೆ ಇದ್ದ ಮಾತ್ರಕ್ಕೆ ಬಿಡಬೇಡಿ, ಆದರೆ ಪರೀಕ್ಷಿಸದೆ ಹಣ ಕೊಡಬೇಡಿ. ನಿಮ್ಮ ಕ್ಯಾಮೆರಾದಲ್ಲಿ ಲೆನ್ಸ್ ಸದಾ ಪೂರ್ತಿ ತೆರೆದಿರುತ್ತದೆ, ಗುಂಡಿ ಒತ್ತಿದ ಕ್ಷಣದಲ್ಲಿ ಮಾತ್ರ ಎಲೆಗಳು ನೀವು ಇಟ್ಟ ಅಳತೆಗೆ ಮುಚ್ಚಿಕೊಳ್ಳುತ್ತವೆ. ಎಣ್ಣೆಗೆ ಅಂಟಿಕೊಂಡು ತಡವಾಗಿ ಮುಚ್ಚಿದರೆ ಎಫ್ 11ರ ಚಿತ್ರಕ್ಕೆ ಎಫ್ 4ರಷ್ಟು ಬೆಳಕು ಬಿದ್ದು ನೆಗೆಟಿವ್ ಕಪ್ಪಾಗಿಬಿಡುತ್ತದೆ, ಮೀಟರಿನಲ್ಲಿ ಅದು ಗೊತ್ತೇ ಆಗುವುದಿಲ್ಲ.

ಕ್ಯಾಮೆರಾವನ್ನು ಜೊತೆಗೆ ಒಯ್ಯಿರಿ. ರೋಲ್ ಹಾಕದೆ, ಹಿಂಬಾಗಿಲು ತೆರೆದು, ಎಫ್ 16 ಮತ್ತು 1/60ಕ್ಕೆ ಇಟ್ಟು ಬೆಳಕಿನ ಕಡೆ ಹಿಡಿದು ಹತ್ತಾರು ಸಲ ಒತ್ತಿ ನೋಡಿರಿ. ಪ್ರತಿ ಸಲವೂ ಅಷ್ಟೇ ಸಣ್ಣ ಕಿಂಡಿ ಕಾಣಬೇಕು. ಒಮ್ಮೆ ದೊಡ್ಡದು ಒಮ್ಮೆ ಸಣ್ಣದು ಕಂಡರೆ ಎಲೆಗಳನ್ನು ಬಿಚ್ಚಿ ತೊಳೆಸಲೇಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿರಿ. ಆಮೇಲೆ ಲೆನ್ಸನ್ನು ಕಳಚಿ, ಎಲೆಗಳನ್ನು ಪೂರ್ತಿ ತೆರೆದು, ಹಿಂಬದಿಯಿಂದ ಬ್ಯಾಟರಿ ಬೆಳಕು ಬಿಟ್ಟು ಓರೆಯಾಗಿ ನೋಡಿರಿ. ದೂಳಿನ ಕಣಗಳಿಗೆ ಹೆದರಬೇಡಿ, ನಮ್ಮ ಕಡೆ ದೂಳಿಲ್ಲದ ಲೆನ್ಸ್ ಇಲ್ಲ. ಜೇಡನ ಎಳೆಯಂತಹ ಬೂಷ್ಟು ಅಥವಾ ಒಳಗಾಜಿನ ಮೇಲೆ ಹಾಲಿನಂತಹ ಮಸುಕು ಕಂಡರೆ ಮಾತ್ರ ಬಿಟ್ಟು ಬನ್ನಿರಿ.

ಹಾಗೆಯೇ ಹಿಂಬಾಗಿಲ ಅಂಚಿನ ಕಪ್ಪು ಸ್ಪಂಜನ್ನು ಬೆರಳಿನಿಂದ ಮುಟ್ಟಿ ನೋಡಿರಿ. ಡಾಂಬರಿನಂತೆ ಅಂಟಿದರೆ ಅದು ಕರಗುತ್ತಿದೆ, ಬೆಳಕು ಸೋರುತ್ತದೆ. ಕನ್ನಡಿ ಬಡಿಯುವ ಜಾಗದಲ್ಲಿಯೂ ಅದೇ ಸ್ಪಂಜು ಇರುತ್ತದೆ. ನಿಮ್ಮ ಕಾಕಾ ಅವರು ಸ್ಟುಡಿಯೊದವರಲ್ಲವೇ, ಅದನ್ನು ಕೆರೆದು ಹೊಸದು ಅಂಟಿಸುವುದು ಅವರಿಗೆ ಗೊತ್ತಿರುತ್ತದೆ. ಅವರನ್ನೇ ಕೂರಿಸಿಕೊಂಡು ಮಾಡಿರಿ.