ಅಮ್ಮನನ್ನು ಬಾಣಂತನಕ್ಕೆ ಜರ್ಮನಿಗೆ ಕಳಿಸಬೇಕು, ಹೋಗಿಬಂದವರು ಅನುಭವ ಹೇಳಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಕೇಳಿದ್ದು:
ತಂಗಿ ಜರ್ಮನಿಯಲ್ಲಿದ್ದಾಳೆ. ಜೂನ್ ಮಧ್ಯಕ್ಕೆ ಹೆರಿಗೆ. ಅಮ್ಮ, ಅಪ್ಪ ಇಬ್ಬರೂ ಹೋಗಬೇಕು ಅಂತಿದ್ದಾರೆ. ಷೆಂಗೆನ್ ವೀಸಾದಲ್ಲಿ ಮೂರು ತಿಂಗಳು ಇರಬಹುದಂತೆ. ಮಧ್ಯೆ ಒಂದು ವಾರ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತದಾ? ಇನ್ನೊಂದು, ಅಪ್ಪನಿಗೆ ಸಂಬಳ ಅಂತ ಇಲ್ಲ, ಅಡಿಕೆ ತೋಟ ಮಾತ್ರ. ಆದಾಯಕ್ಕೆ ಏನು ತೋರಿಸುವುದು?

ಪೆರ್ಲದಿಂದ:
ಇಲ್ಲ ತಮ್ಮಾ, ಹೊಸದಾಗಿ ಶುರುವಾಗುವುದಿಲ್ಲ. ಷೆಂಗೆನ್ ಅಂದರೆ ಈಗ ಯುರೋಪಿನ 29 ದೇಶಗಳಿಗೆ ಒಂದೇ ಅಂಗಳ. ಸ್ವಿಟ್ಜರ್ಲೆಂಡೂ ಅದರೊಳಗೇ ಇದೆ. ಎಲ್ಲಿ ಉಳಿದರೂ ದಿನ ಒಂದೇ ಲೆಕ್ಕಕ್ಕೆ ಸೇರುತ್ತದೆ. ಯಾವುದೇ 180 ದಿನ ತೆಗೆದುಕೊಳ್ಳಿ, ಅದರಲ್ಲಿ ಒಟ್ಟು 90 ದಿನ ಮಾತ್ರ.

ಮತ್ತೆ, ಅದನ್ನು ಮೂರು ತಿಂಗಳು ಅಂತ ಹೇಳಲೇಬೇಡಿ. ನಾವು ಸಿಕ್ಕಿಬೀಳುವುದರಲ್ಲಿದ್ದದ್ದು ಅಲ್ಲೇ. ನನ್ನ ತಂಗಿಯ ಬಾಣಂತನಕ್ಕೆ ನಮ್ಮ ಅಮ್ಮ ಜೂನ್ 1ಕ್ಕೆ ಇಳಿದರು. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದಲ್ಲಿ ಕೊನೆಯ ತಾರೀಕು ಸೆಪ್ಟೆಂಬರ್ 13 ಅಂತ ಇತ್ತು. ಸೆಪ್ಟೆಂಬರ್ 10ಕ್ಕೆ ವಾಪಸ್ ಟಿಕೆಟ್ ಮಾಡಿ ನಿಶ್ಚಿಂತೆಯಿಂದ ಇದ್ದೆವು. ಒಂದು ಮಧ್ಯಾಹ್ನ ಮಗುವನ್ನು ಮಲಗಿಸಿ ತಂಗಿ ಅದನ್ನು ಸರಿಯಾಗಿ ಓದಿದಳು. ತಾರೀಕು ಬೇರೆ, ಅದರ ಹತ್ತಿರವೇ 90 ಅಂತ ಒಂದು ಅಂಕಿ ಬೇರೆ! ಇರಬಹುದಾದ ದಿನ ಆ 90 ಮಾತ್ರ. ಪ್ರಯಾಣ ಹಿಂದೆಮುಂದೆ ಆದರೆ ಇರಲಿ ಅಂತ ತಾರೀಕಿನಲ್ಲಿ 15 ದಿನ ಜಾಸ್ತಿ ಕೊಟ್ಟಿರುತ್ತಾರೆ, ಉಳಿಯುವುದಕ್ಕಲ್ಲ. ಕ್ಯಾಲೆಂಡರ್ ಎದುರಿಗೆ ನಿಂತು ಎಣಿಸಿದಳು. ಜೂನಿನಲ್ಲಿ 30, ಜುಲೈಯಲ್ಲಿ 31, ಆಗಸ್ಟ್ 29ಕ್ಕೆ ಮುಗಿಯಿತು. ಇಳಿದ ದಿನ, ಹೊರಡುವ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಟಿಕೆಟ್ ಬದಲಿಸಲು ದುಡ್ಡು ಹೋಯಿತು. ಅದಕ್ಕಿಂತ ಮಗುವನ್ನು ಬಿಟ್ಟು ಹನ್ನೆರಡು ದಿನ ಮೊದಲೇ ಹೊರಡುವಾಗ ಅಮ್ಮನ ಮುಖ ನೋಡಲಾಗಲಿಲ್ಲ ಅಂತ ತಂಗಿ ಈಗಲೂ ಹೇಳುತ್ತಾಳೆ.

ಹೀಗೆ ಪೂರ್ತಿ 90 ದಿನ ಮುಗಿಸಿ ಬಂದರೆ ಮತ್ತೆ 90 ದಿನ ಹೊರಗಿರಬೇಕು. ಆಗಸ್ಟ್ 29ಕ್ಕೆ ಬಿಟ್ಟವರಿಗೆ ನವೆಂಬರ್ 28ರಿಂದ ಮತ್ತೆ ಪೂರ್ತಿ ಅವಕಾಶ, ವೀಸಾ ಇದ್ದರೆ. 2025ರ ಅಕ್ಟೋಬರ್ 12ರಿಂದ ಅಲ್ಲಿ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆದು ಕಂಪ್ಯೂಟರಿನಲ್ಲಿ ದಾಖಲಿಸುವ ಕ್ರಮ ಶುರುವಾಗಿದೆ. ಮುದ್ರೆ ಮಾಸಿತ್ತು, ಕಾಣಲಿಲ್ಲ ಅನ್ನುವ ಮಾತು ಇನ್ನು ನಡೆಯುವುದಿಲ್ಲ.

ನನ್ನ ಅಭಿಪ್ರಾಯ, ಇಬ್ಬರೂ ತಿಂಗಳು ಮೊದಲೇ ಹೋಗಿ ಕೂರುವುದು ಬೇಡ. ಅಮ್ಮ ವಾರ ಮೊದಲು ಹೋಗಲಿ. ಅವರು ಅಲ್ಲಿಂದ ಹೊರಡುವ ಹೊತ್ತಿಗೆ ನಿಮ್ಮ ತಂಗಿಯ ಅತ್ತೆ ಹೋಗುವ ಹಾಗಿದ್ದರೆ ಇನ್ನೂ ಒಳ್ಳೆಯದು. ಬಾಣಂತಿಗೆ ಮೊದಲ ನಲವತ್ತು ದಿನ ಎಷ್ಟು ಮುಖ್ಯವೋ, ಆಮೇಲೆ ಒಂದು ಕೈ ಜೊತೆಗಿರುವುದೂ ಅಷ್ಟೇ ಮುಖ್ಯ ಅಲ್ವಾ. ಹಾಂ, ಮನೆಯ ತುಪ್ಪ ಕಟ್ಟಿಕೊಡಬೇಡಿ. ಹಾಲಿನ ಪದಾರ್ಥ, ಮಾಂಸ ಹೊರಗಿನಿಂದ ಒಯ್ಯಲು ಅಲ್ಲಿ ಬಿಡುವುದಿಲ್ಲ.

ನೀರ್ಚಾಲಿನಿಂದ:
ಅಡಿಕೆಯವರ ಕಷ್ಟ ನನಗೆ ಗೊತ್ತು. ನಮ್ಮ ಖಾತೆಯಲ್ಲಿ ತಿಂಗಳುಗಟ್ಟಲೆ ಏನೂ ಇರುವುದಿಲ್ಲ, ಅಡಿಕೆ ಕೊಟ್ಟ ದಿನ ದೊಡ್ಡ ಮೊತ್ತ ಬಂದು ಬೀಳುತ್ತದೆ. ವೀಸಾ ನೋಡುವವರಿಗೆ ಅದು ಯಾರೋ ತೋರಿಸಲೆಂದು ಹಾಕಿಸಿದ ದುಡ್ಡಿನ ಹಾಗೆ ಕಾಣಬಹುದು. ಅದಕ್ಕೆ ನಾವು ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಬಿಲ್ಲುಗಳನ್ನು ಆಯಾ ತಾರೀಕಿನ ಬ್ಯಾಂಕ್ ಹಾಳೆಯ ಜೊತೆಗೇ ಪಿನ್ ಹೊಡೆದು ಇಟ್ಟೆವು. ತೋಟದ ತೆರಿಗೆ ರಶೀದಿ ಮಲಯಾಳದಲ್ಲಿತ್ತು, ಇಂಗ್ಲಿಷಿಗೆ ಅನುವಾದ ಮಾಡಿಸಿದೆವು. ಮನೆ, ತೋಟ, ದನ ಬಿಟ್ಟು ಅಲ್ಲೇ ಉಳಿಯುವವರಲ್ಲ ಅಂತ ಒಂದು ಪುಟದ ಪತ್ರ ಬರೆದೆವು. ಖರ್ಚು ತಾನು ನೋಡಿಕೊಳ್ಳುತ್ತೇನೆ ಅಂತ ತಂಗಿ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಬರೆದುಕೊಡುವ ಮುಚ್ಚಳಿಕೆ ಇದೆ, ಅದನ್ನು ಮಾಡಿಸಿ. ಅದು ಇದ್ದರೆ ಅಪ್ಪನ ಖಾತೆಯ ಚಿಂತೆ ಅರ್ಧ ಕಡಿಮೆ.

ಶುಲ್ಕ ಒಬ್ಬರಿಗೆ 90 ಯೂರೊ. ಪ್ರಯಾಣದ ಆರೋಗ್ಯ ವಿಮೆ ಕಡಿಮೆಯೆಂದರೆ 30,000 ಯೂರೊಗೆ ಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಸುಮ್ನೆ ಕೊನೆಗೆ ಇಡಬೇಡಿ.

ಉಪ್ಪಳದಿಂದ:
ಒಂದು ಮಾತು. ಗಡಿಯಲ್ಲಿ ಯಾರೂ ಕೇಳುವುದಿಲ್ಲ ಅಂತ ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ನಮ್ಮ ಮಾವ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ರೈಲಿನಲ್ಲಿ ಜರ್ಮನಿಗೆ ವಾಪಸ್ ಬರುವಾಗ ಪೊಲೀಸರು ಹತ್ತಿ ಎಲ್ಲರದ್ದೂ ನೋಡಿದರು. ಮಾವನ ಕಿಸೆಯಲ್ಲಿ ಇದ್ದದ್ದು ಆಧಾರ್ ಕಾರ್ಡ್! ಭಾವ ಮೊಬೈಲಿನಲ್ಲಿ ಪಾಸ್‌ಪೋರ್ಟಿನ ಫೋಟೋ ತೋರಿಸಿ, ಮುಂದಿನ ನಿಲ್ದಾಣದಲ್ಲಿ ಇಳಿದು, ಒಂದು ಗಂಟೆ ಕೂತ ಮೇಲೆ ಬಿಟ್ಟರು. ಜರ್ಮನಿ 2024ರ ಸೆಪ್ಟೆಂಬರಿನಿಂದ ತನ್ನ ಎಲ್ಲ ನೆಲದ ಗಡಿಗಳಲ್ಲೂ ತಪಾಸಣೆ ಇಟ್ಟಿದೆ. ತೆರೆದ ಗಡಿಯೂ ಮುಚ್ಚಬಹುದು ಅಂತ ನಮಗೆ ಬೇರೆಯವರು ಹೇಳಬೇಕಾ? 2020ರ ಮಾರ್ಚಿನಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮವರು ಪಟ್ಟ ಪಾಡು ನೆನಪಿದೆ.

ಅಪ್ಪನಿಗೆ ಲಂಡನ್ ನೋಡುವ ಆಸೆ ಇದ್ದರೆ ಅದಕ್ಕೆ ಬೇರೆ ವೀಸಾ. ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಲಂಡನ್‌ನಿಂದ ತಿರುಗಿ ಜರ್ಮನಿಗೆ ಬರಲಾಗುವುದಿಲ್ಲ.

ಬದಿಯಡ್ಕದಿಂದ:
ಎಲ್ಲರಿಗೂ ತುಂಬಾ ಉಪಕಾರ. ಅಮ್ಮನಿಗೆ ಜೂನ್ 8ಕ್ಕೆ ಟಿಕೆಟ್ ನೋಡುತ್ತಿದ್ದೇವೆ. ಹಾಗಾದರೆ ಸೆಪ್ಟೆಂಬರ್ 5 ಕೊನೆಯ ದಿನ, ಸರಿಯಾ ಅಕ್ಕಾ?

ಪೆರ್ಲದಿಂದ:
ಸರಿ ಇದೆ. ಆದರೆ ವಾಪಸ್ ಟಿಕೆಟ್ ಸೆಪ್ಟೆಂಬರ್ 2ಕ್ಕೆ ಮಾಡಿ. ವಿಮಾನ ರದ್ದಾದರೆ ಕೈಯಲ್ಲಿ ಮೂರು ದಿನ ಇರಲಿ.